ಬಿರುಸು ನಡಿಗೆಯ ಹರಕೆ

ಟಿಕ್. ಟಿಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಿಕ್.

ರಾತ್ರಿ ಹನ್ನೊಂದು ದಾಟಿತ್ತು. ಬೆಟಗೇರಿಯ ಆ ಓಣಿಯಲ್ಲಿ ನಾಯಿಗಳೂ ಸುಮ್ಮನಾಗಿದ್ದವು. ಸಪ್ಪಳ ಬರುತ್ತಿದ್ದುದು ವಾಣಿಶ್ರೀಯ ಕಾಲುಂಗುರ ಟೈಲ್ಸಿಗೆ ತಾಗಿ. ನಡುಮನೆಯಲ್ಲಿ ಗೋಡೆಯಿಂದ ಗೋಡೆಗೆ ಹದಿನಾಲ್ಕು ಹೆಜ್ಜೆ, ಸೋಫಾ ಸುತ್ತಿ ಬಂದರೆ ಇಪ್ಪತ್ತೆರಡು. ದೀಪ ಹಚ್ಚಿದರೆ ಗಂಡನಿಗೆ ಎಚ್ಚರವಾಗುತ್ತದೆಂದು ಕತ್ತಲಲ್ಲೇ ನಡೆಯುತ್ತಿದ್ದಳು.

"ಯಾರದು?" ಒಳಕೋಣೆಯಿಂದ ಅತ್ತೆ ಗದಿಗೆವ್ವನ ದನಿ.

"ನಾನ್ರೀ ಅತ್ತಿ."

"ಕತ್ತಲಾಗ ಏನ್ ಮಾಡಾಕತ್ತೀ? ಏನರ ಕಳದೈತೇನು?"

"ಇಲ್ರಿ. ಡಾಕ್ಟರು ದಿನಾ ನಡೀರಿ ಅಂದಾರಲ್ರಿ, ಅದಕ್ಕ."

"ಹಗಲೆಲ್ಲಾ ಅಡ್ಡಾಡಿದ್ದು ಸಾಲಲಿಲ್ಲೇನು? ರಾತ್ರಿ ಹೊತ್ತಿನ್ಯಾಗ ಹಿಂಗ ಮನಿಯಾಗ ಸುತ್ತಿದ್ರ ಲಕ್ಷ್ಮಿ ನಿಂದರ್ತಾಳೇನು? ಮಕ್ಕೋ ಹೋಗು."

ವಾಣಿಶ್ರೀ ಹೋಗಿ ಮಲಗಿದಳು. ಮಲಗುವ ಮೊದಲು ಮೊಬೈಲಿನ ಬೆಳಕಿನಲ್ಲಿ ತನ್ನ ಕಾಲ್ಬೆರಳುಗಳನ್ನು ಒಂದೊಂದಾಗಿ ನೋಡಿಕೊಂಡಳು. ಒಂದು ತಿಂಗಳಿಂದ ಅದೊಂದು ರೂಢಿಯಾಗಿತ್ತು. ಹಿರೇವಡ್ಡಟ್ಟಿಯಲ್ಲಿರುವ ಅವಳ ತಾಯಿಗೆ ಮೊದಲು ಹೆಬ್ಬೆರಳಿನ ಪಕ್ಕ ಸಣ್ಣ ಗಾಯವಾಗಿತ್ತು, ಆಮೇಲೆ ಎರಡು ಬೆರಳು ಹೋದವು, ಆಮೇಲೆ ಅರ್ಧ ಪಾದ. ಈಗ ವಾಣಿಶ್ರೀಗೆ ನಲವತ್ತೊಂದು. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆಯಲ್ಲಿ ಆರು ಪಾಯಿಂಟ್ ಎಂಟು ಬಂದಿತ್ತು. ಡಾಕ್ಟರ್ ನಿಶಾತ ಕನ್ನಡಕದ ಮೇಲಿಂದ ನೋಡಿ ಹೇಳಿದ್ದರು: "ಮೂರು ತಿಂಗಳು ಟೈಮ್ ಕೊಡ್ತೀನಿ. ದಿನಾ ನಲವತ್ತು ನಿಮಿಷ ನಡೀರಿ. ಪ್ಯಾಟಿಗೆ ಹೋದಂಗಲ್ಲ, ಬಿರುಸ ನಡೀಬೇಕು. ಮಾತಾಡಾಕ ಬರಬೇಕು, ಹಾಡಾಕ ಬರಬಾರ್ದು, ಅಷ್ಟು ಬಿರುಸು. ಇಳಿದ್ರ ಸರಿ. ಇಲ್ಲಂದ್ರ ಗುಳಿಗಿ ಶುರು. ನಿಮ್ಮ ತಾಯಿ ಕತಿ ನಿಮಗ ಗೊತ್ತೈತಿ."

ಇದನ್ನೆಲ್ಲ ಒಂದು ಚೀಟಿಯ ಮೇಲೆ ಬರೆದೂ ಕೊಟ್ಟಿದ್ದರು. ಎಲ್ಲರಿಗೂ ಕಾಣಲೆಂದು ವಾಣಿಶ್ರೀ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಎಲ್ಲರೂ ದಿನಕ್ಕೆ ಹತ್ತು ಸಲ ಆ ಬಾಗಿಲು ತೆಗೆದರು. ಯಾರಿಗೂ ಚೀಟಿ ಕಾಣಲಿಲ್ಲ.

ಅವಳ ಗಂಡ ಸಿದ್ದಾರೂಢನಿಗೆ ಗದಗಿನಲ್ಲಿ ಪಂಪ್‌ಸೆಟ್ಟು, ಪೈಪುಗಳ ಅಂಗಡಿ. ಅವನು ವಾಕಿಂಗಿನ ದೊಡ್ಡ ಭಕ್ತ. ನಾಲ್ಕು ವರ್ಷಗಳಿಂದ, ಮಳೆಯಿರಲಿ ಚಳಿಯಿರಲಿ, ಬೆಳಿಗ್ಗೆ ಐದೂವರೆಗೆ ಬಿಳಿ ಬೂಟು ಕಟ್ಟಿ ಸ್ಕೂಟರ್ ಏರಿ ಭೀಷ್ಮ ಕೆರೆಯ ಕಡೆಗೆ ಹೋಗುತ್ತಿದ್ದ. ಅಲ್ಲಿ ಅವರದೊಂದು ಗೆಳೆಯರ ಗುಂಪು; ಅದರ ಹಿರಿಯ ದೇವೇಂದ್ರಪ್ಪ, ನಿವೃತ್ತ ಡ್ರಾಯಿಂಗ್ ಮಾಸ್ತರು. ಏಳೂವರೆಗೆ ಸಿದ್ದಾರೂಢ ಮನೆಗೆ ಬಂದರೆ ಬಾಯಲ್ಲಿ ಗಿರ್ಮಿಟ್ ಮಂಡಕ್ಕಿಯ ಉಳ್ಳಾಗಡ್ಡಿ ವಾಸನೆ, ಕೈಯಲ್ಲಿ ಮೊಬೈಲು. "ನೋಡು, ಐದು ಪಾಯಿಂಟ್ ಎರಡು ಕಿಲೋಮೀಟರ್," ಎಂದು ಪರದೆ ತೋರಿಸುತ್ತಿದ್ದ. ಆ ಹೊತ್ತಿಗೆ ವಾಣಿಶ್ರೀ ರೊಟ್ಟಿ ಬಡಿದು, ಪಲ್ಯ ಮಾಡಿ, ನೀರು ತುಂಬಿ, ಒಂಬತ್ತನೇ ಕ್ಲಾಸಿನ ಮಗಳು ಸ್ನೇಹಾಳ ಡಬ್ಬಿ ಕಟ್ಟಿ, ಅತ್ತೆಗೆ ಚಹಾ ಕೊಟ್ಟು, ಎಂಟೂ ನಲವತ್ತರ ಶಿರಹಟ್ಟಿ ಬಸ್ಸಿಗೆ ಸೀರೆ ಉಡುತ್ತಿರುತ್ತಿದ್ದಳು. ಶಿರಹಟ್ಟಿಯ ಒಂದು ಕಚೇರಿಯಲ್ಲಿ ಅವಳು ಗುಮಾಸ್ತೆ.

"ಟೈಮ್ ಸಿಗೂದಿಲ್ಲ ಅಂದ್ರ ಅದು ನೆವ," ಎನ್ನುತ್ತಿದ್ದ ಸಿದ್ದಾರೂಢ ರೊಟ್ಟಿ ಮುರಿಯುತ್ತ. "ಟೈಮ್ ಮಾಡ್ಕೋಬೇಕು. ನನ್ನ ನೋಡು. ಅಂಗಡಿ ಐತಿ, ಸಂಘದ ಕೆಲಸ ಐತಿ, ಆದ್ರೂ ಒಂದು ದಿನ ಬಿಟ್ಟೀನೇನು?"

"ನಾನೂ ಮುಂಜಾನಿ ಹೋಗ್ಲೇನ್ರಿ?"

"ಹೋಗು, ಯಾರ್ ಬ್ಯಾಡ ಅಂದ್ರು?"

"ಹಂಗಾರ ನೀವು ಆರೂವರಿಗೆ ಹೋಗ್ರಿ. ನಾ ಐದೂವರಿಗೆ ಹೋಗಿ ಬಂದು ರೊಟ್ಟಿ ಹಚ್ಚತೀನಿ."

"ಗ್ರೂಪ್ ಕಾಯ್ತತಿ ವಾಣಿ. ಶಿಸ್ತು ಅಂಬೂದು ಇರಬೇಕಲ್ಲ?"

"ನಿಮ್ಮ ಕೂಡನ ಬರ್ಲೇನು?"

"ಅದು ಗಂಡಸೂರ ಗ್ರೂಪ್ ಅಲ್ಲೇನ," ಎಂದು ಅವನು ಆಶ್ಚರ್ಯಪಟ್ಟ. ಮಗಳನ್ನು ಕರೆದು ನೀರು ಕೇಳಿದ.

ಆದರೂ ವಾಣಿಶ್ರೀ ಒಂದು ವಾರ ನಾಲ್ಕೂವರೆಗೆ ಎದ್ದು ನೋಡಿದಳು. ಮೂರನೇ ದಿನಕ್ಕೆ ಗದಿಗೆವ್ವ, "ಬೆಳಕ ಹರಿಯೂದರಾಗ ಸೊಸಿ ಮನಿ ಬಿಟ್ಟು ಹೊಂಟ್ರ ಓಣ್ಯಾಗಿನ ಮಂದಿ ಏನಂದಾರು?" ಎಂದಳು. ಐದನೇ ದಿನ ನಾಯಿಗಳು ಅವಳನ್ನು ಬಾವಿಕಟ್ಟೆಯ ತನಕ ಬೆನ್ನಟ್ಟಿದವು. ಆಮೇಲೆ ಸಂಜೆ ಯತ್ನಿಸಿದಳು. ಶಿರಹಟ್ಟಿಯಿಂದ ಬರುವಾಗ ಮುಳಗುಂದ ನಾಕಾದಲ್ಲೇ ಬಸ್ಸಿಳಿದು ಬೆಟಗೇರಿಯ ತನಕ ನಡೆದು ಬರುವುದು. ಮೊದಲನೇ ದಿನವೇ ಒಬ್ಬ ದೂರದ ಸಂಬಂಧಿ ಸ್ಕೂಟರ್ ನಿಲ್ಲಿಸಿದ. ಎರಡನೇ ದಿನ ದೇವೇಂದ್ರಪ್ಪ. "ಏನ್ ತಂಗೀ, ಬಸ್ ತಪ್ಪಿತೇನು? ಕುಂಡ್ರು, ಕುಂಡ್ರು." ಕೂರುವುದಿಲ್ಲವೆಂದರೆ ಅವನಿಗೆ ಅವಮಾನ, ಕೂತಳು. ಮೂರನೇ ದಿನ ಯಾರೋ ಮನೆಗೇ ಫೋನ್ ಮಾಡಿ, "ನಿಮ್ಮ ಸೊಸಿ ಒಬ್ಬಾಕಿನ ಮಾರಿ ಗಂಟ ಹಾಕ್ಕೊಂಡು ಸರಾಸರಾ ಹೊಂಟಿದ್ಲು, ಮನ್ಯಾಗ ಎಲ್ಲಾ ಚಲೋ ಐತಿಲ್ಲ?" ಎಂದು ವಿಚಾರಿಸಿದ್ದರು. ಹೆಂಗಸು ನಿಧಾನ ನಡೆದರೆ ಸಂತೆಗೆ ಹೊರಟಳು ಎನ್ನುತ್ತದೆ ಈ ಊರು. ಬಿರುಸಾಗಿ ನಡೆದರೆ ಮನೆ ಬಿಟ್ಟು ಹೊರಟಳು ಎನ್ನುತ್ತದೆ.

ಉಳಿದದ್ದು ರಾತ್ರಿಯ ನಡುಮನೆ. ಅದೂ ಈಗ ಲಕ್ಷ್ಮಿಗೆ ಬೇಡವಾಯಿತು. ಡಾಕ್ಟರು ಕೊಟ್ಟ ತೊಂಬತ್ತು ದಿನಗಳಲ್ಲಿ ನಲವತ್ತು ಹೀಗೆ ಕಳೆದಿದ್ದವು.

ದಾರಿ ತೋರಿಸಿದವಳು ಕಚೇರಿಯ ಸಿಪಾಯಿ ಹುಚ್ಚವ್ವ, ಅದೂ ತನಗೆ ತಿಳಿಯದೆ. ಅವರ ಸಾಹೇಬರು ನಿಮಿಷದ ಮನುಷ್ಯ. ಬೆರಳೊತ್ತುವ ಯಂತ್ರದಲ್ಲಿ ಎರಡು ನಿಮಿಷ ತಡವಾದರೂ ಕರೆಸಿ ಕೇಳುವವರು. ಅಂಥವರ ಮುಂದೆ ಪ್ರತಿ ಸೋಮವಾರ ಹನ್ನೊಂದಕ್ಕೆ ಹುಚ್ಚವ್ವ ನಿಂತು, "ಸಾಹೇಬ್ರ, ಗುಡಿಗೆ ಹೋಗಿ ಬರ್ತೀನ್ರಿ, ಹರಕಿ ಐತಿ," ಎಂದರೆ ಸಾಹೇಬರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟು, "ಹೋಗಿ ಬಾರವ್ವಾ, ನಮ್ಮದೂ ಒಂದು ನಮಸ್ಕಾರ ಹೇಳು," ಎನ್ನುತ್ತಿದ್ದರು. ಮುಕ್ಕಾಲು ತಾಸು.

"ಹುಚ್ಚವ್ವ, ಸಾಹೇಬ್ರು ಒಂದಿನಾನೂ ಬ್ಯಾಡ ಅಂದಿಲ್ಲ?" ಎಂದು ವಾಣಿಶ್ರೀ ಕೇಳಿದಳು.

"ಹರಕಿಗೆ ಬ್ಯಾಡ ಅಂತಾರೇನ್ರೀ ಅಕ್ಕಾರ? ಅಂದ್ರ ಅದು ಅಂದವರಿಗೇ ಬಡಿತೈತಿ," ಎಂದು ನಕ್ಕು ಹುಚ್ಚವ್ವ ಫೈಲು ಎತ್ತಿಕೊಂಡು ಹೋದಳು.

ಆ ಭಾನುವಾರ ವಾಣಿಶ್ರೀ ಕಾಯಿಪಲ್ಯದ ಚೀಲ ಹಿಡಿದು ಮೂರು ಗುಡಿ ಅಳೆದು ಬಂದಳು. ಹನುಮಪ್ಪನ ಗುಡಿ ಸುತ್ತಲು ಹನ್ನೆರಡೇ ಹೆಜ್ಜೆ. ತಲೆ ತಿರುಗುವುದು ಖಂಡಿತ. ದೊಡ್ಡ ಗುಡಿಯ ಅಂಗಳ ವಿಶಾಲವಾಗಿತ್ತು, ಆದರೆ ಬಾಗಿಲು ತೆರೆಯುವುದು ಏಳಕ್ಕೆ. ಹಿಂದಿನ ಓಣಿಯ ಕಲ್ಮೇಶ್ವರನ ಗುಡಿ ಐದಕ್ಕೇ ತೆರೆಯುತ್ತಿತ್ತು. ಸುತ್ತ ಸಮತಟ್ಟಾದ ಹಾಸುಗಲ್ಲು, ಒಂದು ದೀಪದ ಕಂಬ, ಒಂದು ಸುತ್ತಿಗೆ ನಲವತ್ತೈದು ಹೆಜ್ಜೆ. ನೂರಾ ಎಂಟು ಸುತ್ತು ಹಾಕಿದರೆ ಸುಮಾರು ಐದು ಸಾವಿರ ಹೆಜ್ಜೆ; ಬಿರುಸಾಗಿ ನಡೆದರೆ ನಲವತ್ತೆರಡು ನಿಮಿಷ. ಡಾಕ್ಟರ್ ನಿಶಾತ ಹೇಳಿ ಕಟ್ಟಿಸಿದ ಹಾಗಿತ್ತು ಗುಡಿ.

ಸುಳ್ಳು ಹೇಳುವುದು ಅವಳಿಗೆ ಆಗದು; ಹೇಳಿದರೆ ರಾತ್ರಿ ನಿದ್ದೆ ಬರುವುದಿಲ್ಲ. ಅದಕ್ಕೇ ಕಲ್ಮೇಶ್ವರನ ಮುಂದೆ ನಿಂತು ನಿಜವಾಗಿಯೂ ಹರಕೆ ಹೊತ್ತಳು. ನಲವತ್ತೆಂಟು ದಿನ, ದಿನಕ್ಕೆ ನೂರಾ ಎಂಟು ಸುತ್ತು, ಬಿರುಸು ನಡಿಗೆಯಲ್ಲಿ, ಸಕ್ಕರೆ ಇಳಿಯಲಿ. ಅಂದು ರಾತ್ರಿ ಊಟಕ್ಕೆ ಬಡಿಸುವಾಗ ಹೇಳಿದಳು.

"ನಾ ಒಂದು ಹರಕಿ ಹೊತ್ತೀನ್ರಿ. ನಾಳಿಂದ ಐದಕ್ಕ ಕಲ್ಮೇಶ್ವರ ಗುಡಿಗೆ ಹೋಗಬೇಕು. ನಲವತ್ತೆಂಟು ದಿನ."

ಮೂರೂ ತಟ್ಟೆಗಳಲ್ಲಿ ಕೈ ನಿಂತವು.

"ಯಾತಕ್ಕ ಹೊತ್ತೀ?" ಗದಿಗೆವ್ವ ಮೆಲ್ಲಗೆ ಕೇಳಿದಳು.

"ಮುಗಿಯೂತನಾ ಹೇಳೂದಿಲ್ರಿ ಅತ್ತಿ."

"ಹೇಳಬ್ಯಾಡ, ಹೇಳಬ್ಯಾಡ. ಹೇಳಿದ್ರ ಫಲ ಹೋಗತೈತಿ." ಗದಿಗೆವ್ವ ಎರಡೂ ಕೈ ಜೋಡಿಸಿ ಗಲ್ಲಕ್ಕೆ ಬಡಿದುಕೊಂಡಳು. "ರೊಟ್ಟಿ ಚಿಂತಿ ಮಾಡಬ್ಯಾಡ. ನಾ ಬಡಿತೀನಿ."

ಒಲೆಯ ಮುಂದೆ ನಿಂತರೆ ಮಂಡಿ ಹಿಡಿಯುತ್ತದೆಂದು ಆರು ವರ್ಷ ನಿಲ್ಲದ ಮಂಡಿಗಳು ಮರುದಿನದಿಂದ ನಿಂತವು. ಸಿದ್ದಾರೂಢ ತನ್ನ ಚಹಾ ತಾನೇ ಕಾಸಿಕೊಂಡ. ಸಕ್ಕರೆ ಡಬ್ಬಿ ಎಲ್ಲಿದೆಯೆಂದು ಹದಿನಾರು ವರ್ಷದ ಸಂಸಾರದಲ್ಲಿ ಮೊದಲ ಸಲ ಕೇಳಿದ. ಸ್ನೇಹಾ ಹಾಸಿಗೆ ಮಡಚಿದಳು. ಓಣಿಯ ಹೆಂಗಸರು ಕತ್ತಲಲ್ಲಿ ಹೊರಟ ಅವಳಿಗೆ ದಾರಿ ಬಿಟ್ಟು ನಿಂತರು. ಬಹುಶಃ ನಾಯಿಗಳಿಗೂ ಯಾರೋ ತಿಳಿಸಿದ್ದರು. ಎಂಬಿಬಿಎಸ್ ಓದಿದ ಡಾಕ್ಟರು ಸಹಿ ಹಾಕಿ ಬರೆದ ಚೀಟಿಗೆ ಈ ಮನೆಯಲ್ಲಿ ಎಂದೂ ಸಿಗದ ನಲವತ್ತೆರಡು ನಿಮಿಷ, ಕಾಣದ ಒಂದು ಹರಕೆಗೆ ಕೇಳದೆ ಸಿಕ್ಕಿತು. ವಾಣಿಶ್ರೀಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂತು. ಆದರೆ ಸಿಟ್ಟಿನಲ್ಲಿ ನಡಿಗೆ ಇನ್ನೂ ಬಿರುಸಾಗುತ್ತದೆಂದು ಅವಳಿಗೆ ಬೇಗನೆ ತಿಳಿಯಿತು.

ಮನೆಯಲ್ಲಿ ಪ್ರತಿಯೊಬ್ಬರೂ ಹರಕೆ ತಮಗಾಗಿ ಎಂದುಕೊಂಡರು. ಅತ್ತೆ ತನ್ನ ಮಂಡಿಗೆ ಎಂದುಕೊಂಡು ಮಂಡಿ ಸವರಿಕೊಳ್ಳುತ್ತ ಸೊಸೆಯ ಕಡೆ ತಂಪಾಗಿ ನೋಡಿದಳು. ಸ್ನೇಹಾ ತನ್ನ ಗಣಿತದ ಮಾರ್ಕ್ಸಿಗೆ ಎಂದುಕೊಂಡು ಓದುವುದನ್ನು ಕಡಿಮೆ ಮಾಡಿದಳು. ಸಿದ್ದಾರೂಢನಿಗಂತೂ ಸಂಶಯವೇ ಇರಲಿಲ್ಲ. ಪಂಪ್‌ಸೆಟ್ ವ್ಯಾಪಾರಿಗಳ ಸಂಘಕ್ಕೆ ಅಧ್ಯಕ್ಷರ ಚುನಾವಣೆ ಬರಲಿತ್ತು, ಅವನು ನಿಂತಿದ್ದ. "ಹೆಂಡತಿ ಅಂದ್ರ ಹಿಂಗಿರಬೇಕು," ಎಂದು ಕೆರೆಯ ಗೆಳೆಯರ ಮುಂದೆ ಹೇಳಿಕೊಂಡಿದ್ದು ಅವಳ ಕಿವಿಗೂ ಬಿತ್ತು.

ಗುಡಿಯ ಅಯ್ಯನವರು ಮಾತ್ರ ಮೂರನೇ ದಿನವೇ ತಡೆದರು. "ಯವ್ವಾ, ಪ್ರದಕ್ಷಿಣಿ ಹಿಂಗ ಓಡಿಕೋತ ಹಾಕಬಾರ್ದು. ತುಂಬಿದ ಕೊಡ ಹೊತ್ತಾಕಿ ಹೆಂಗ ನಡಿತಾಳ, ಹಂಗ ನಡೀಬೇಕು."

"ನಾ ಹೊತ್ತಿದ್ದ ಹಂಗ್ರೀ ಅಜ್ಜಾರ. ಬಿರುಸ ನಡೀತೀನಿ ಅಂತ ಬೇಡ್ಕೊಂಡೀನಿ. ಈಗ ನಿಧಾನ ನಡದ್ರ ಮಾತಿಗೆ ತಪ್ಪಿದಂಗ ಆಗ್ತತಿ."

ಅಯ್ಯನವರು ಗಡ್ಡ ಕೆರೆದುಕೊಂಡರು. ಇಂಥ ಹರಕೆ ಅವರು ಕೇಳಿರಲಿಲ್ಲ. ಆದರೆ ಹರಕೆಯ ಮೇಲೆ ಮಾತಾಡುವ ಅಧಿಕಾರ ಅವರಿಗೂ ಇರಲಿಲ್ಲ. "ಹಂಗಾರ ಆತು ಬಿಡವ್ವಾ," ಎಂದರು.

ಎರಡನೇ ವಾರಕ್ಕೆ ಆರು ಗಂಟೆಯ ಸುಮಾರಿಗೆ ಇನ್ನೂ ನಾಲ್ವರು ಹೆಂಗಸರು ಬರತೊಡಗಿದರು. ಅವರದೂ ಹರಕೆಯಂತೆ, ಅವರದೂ ಬಿರುಸಿನದೇ. ಎದುರುಮನೆಗೆ ಹೋದ ವರ್ಷ ಮದುವೆಯಾಗಿ ಬಂದ ರೋಜಾ ಒಂದು ದಿನ ಬೇಗನೆ ಬಂದು ಅವಳ ಪಕ್ಕಕ್ಕೆ ಸೇರಿ, ಮುಖ ಮುಂದಕ್ಕೇ ಇಟ್ಟುಕೊಂಡು, ಪಿಸುಗುಟ್ಟಿದಳು.

"ಅಕ್ಕಾ, ನಿಮ್ಮ ಹರಕಿ ಯಾವ ಡಾಕ್ಟರು ಬರದು ಕೊಟ್ಟಾರ?"

ವಾಣಿಶ್ರೀಗೆ ಹೆಜ್ಜೆ ತಪ್ಪಿತು. "ಏನಂದೀ?"

"ನಂದು ಥೈರಾಯ್ಡಿನ ಹರಕಿ," ಎಂದು ರೋಜಾ ಮುಂದೆ ಹೋದಳು.

ಇಪ್ಪತ್ತೊಂದನೆಯ ದಿನದ ತನಕ ಎಲ್ಲವೂ ನಡೆಯಿತು. ಪರೀಕ್ಷೆಗೆ ಇನ್ನು ಇಪ್ಪತ್ತೊಂಬತ್ತು ದಿನವಿತ್ತು. ಸೀರೆಯ ನೆರಿಗೆ ಒಂದು ಹೆಚ್ಚಾಗಿ ಬೀಳುತ್ತಿತ್ತು. ಕಚೇರಿಯ ಮೆಟ್ಟಿಲೇರಿದರೆ ಏದುಸಿರು ಬರುತ್ತಿರಲಿಲ್ಲ. ಈ ನಲವತ್ತೆಂಟು ಮುಗಿದರೆ ಇನ್ನೊಂದು ನಲವತ್ತೆಂಟು ಹೇಗೆ ಹೊರಬೇಕು, ಯಾವ ಮಾತಿನಲ್ಲಿ ಹೇಳಬೇಕು ಎಂದು ಅವಳು ಆಗಲೇ ಯೋಚಿಸಿಟ್ಟಿದ್ದಳು. ಅಂದು ಭಾನುವಾರ ಸಂಜೆ ಕಾಯಿಪಲ್ಯ ತಗೊಂಡು ಮನೆಗೆ ಬಂದಾಗ ತಾಯಿ ಮಗ ಇಬ್ಬರೂ ನಡುಮನೆಯಲ್ಲಿ ಕಾಯುತ್ತಿದ್ದರು. ಇಬ್ಬರ ಮುಖದಲ್ಲೂ ಪ್ರೀತಿ ಇತ್ತು. ಅದನ್ನು ನೋಡಿಯೇ ಅವಳಿಗೆ ಭಯವಾಯಿತು.

"ವಾಣೀ, ಕುಂಡ್ರು," ಎಂದಳು ಗದಿಗೆವ್ವ. "ಎಷ್ಟು ಸೊರಗೀ ನೋಡು. ನಾ ಇವತ್ತು ಅಯ್ನಾರನ್ನ ಕೇಳಿಕೊಂಡು ಬಂದೀನಿ. ಹರಕಿ ಮನಿ ಮಂದಿ ಹಂಚಿಕೊಂಡು ಮುಗಸಬಹುದಂತ. ಹೊತ್ತಾಕಿನ ಮುಗಸಬೇಕು ಅಂತೇನಿಲ್ಲಂತ."

"ಅದರಾಗ ಏನೈತಂದ್ರ," ಎಂದು ಸಿದ್ದಾರೂಢ ಮುಂದೆ ಸರಿದ, "ಬರೂ ಐತವಾರ ಚುನಾವಣಿ. ನಿನ್ನ ಹರಕಿ ಮುಗಿಯೂದು ಇನ್ನ ಇಪ್ಪತ್ತೇಳು ದಿನಕ್ಕ. ಫಲ ಯಾರಿಗೆ ಬೇಕೋ ಅವ ತಾನ ನಡದ್ರ ಜಲ್ದಿ ಮುಟ್ಟತೈತಂತ. ನಾಳಿಂದ ನಾ ಹೋಗತೀನಿ. ನೂರಾ ಎಂಟು ಅಂದ್ರ ನನಗೇನು? ದಿನಾ ಐದು ಕಿಲೋಮೀಟರ್ ನಡಿಯೂ ಮನಶಾ ನಾ."

"ಮತ್ತ ನಾನು?"

"ನೀ ಆರಾಮ ಮಲಗು. ಐದೂವರಿಗೆ ಎದ್ದು ರೊಟ್ಟಿ ಬಡದ್ರಾತು. ಅವ್ವನ ಮಂಡೀನೂ ಉಳಿತಾವು."

ಸಿಟ್ಟಿನಿಂದ ಕಸಿದುಕೊಂಡಿದ್ದರೆ ಜಗಳ ಮಾಡಬಹುದಿತ್ತು. ಪ್ರೀತಿಯಿಂದ ಕಸಿದುಕೊಂಡರೆ ಏನು ಮಾಡುವುದು? ಹರಕೆ ನಿಮಗಲ್ಲ, ನನ್ನ ಸಕ್ಕರೆಗೆ ಎಂದು ಹೇಳಿಬಿಟ್ಟರೆ ಅಂದೇ ಹರಕೆ ಮುಗಿದು ಬರೀ ವಾಕಿಂಗ್ ಆಗುತ್ತದೆ. ವಾಕಿಂಗಿಗೆ ಈ ಮನೆಯಲ್ಲಿ ಏನು ಬೆಲೆಯೆಂದು ಫ್ರಿಜ್ಜಿನ ಬಾಗಿಲು ಹೇಳುತ್ತಿತ್ತು. ವಾಣಿಶ್ರೀ ನೀರು ಕುಡಿದು, ಒಂದೊಂದೇ ಮಾತು ಆರಿಸಿ ಹೇಳಿದಳು.

"ನಾಳಿ ಒಂದು ದಿನ ನಿಮ್ಮ ಕೂಡ ಬರ್ತೀನ್ರಿ. ಲೆಕ್ಕ ತಪ್ಪಬಾರ್ದಲ್ಲ, ಹುಣಸಿಬೀಜ ಎಣಿಸಿ ಇಡಾಕ ಒಬ್ರು ಬೇಕು."

"ಹೌದಲ್ಲ," ಎಂದ ಸಿದ್ದಾರೂಢ. "ಅದೂ ಖರೆ."

ಮರುದಿನ ಐದಕ್ಕೆ ಗುಡಿಯಲ್ಲಿ ಇವರಿಬ್ಬರೇ. ಅಯ್ಯನವರು ಒಳಗೆ ಪೂಜೆಯ ಪಾತ್ರೆ ಬೆಳಗುತ್ತಿದ್ದರು. ಸಿದ್ದಾರೂಢ ಬಿಳಿ ಬೂಟುಗಳನ್ನು ಹೊರಗೆ ಬಿಟ್ಟು, ಪಟ್ಟೆಯ ಪ್ಯಾಂಟನ್ನು ಮೇಲೆಳೆದುಕೊಂಡು, ದೇವರಿಗೆ ಕೈಮುಗಿದು ಹೊರಟ. ವಾಣಿಶ್ರೀ ಕಟ್ಟೆಯ ಮೇಲೆ ಕೂತು ನೂರಾ ಎಂಟು ಹುಣಸೆಬೀಜಗಳನ್ನು ಉಡಿಯಲ್ಲಿ ಹಾಕಿಕೊಂಡಳು.

ಮೊದಲ ನಾಲ್ಕು ಸುತ್ತು ಅವನು ಗಾಳಿಯ ಹಾಗೆ ಹೋದ. ದಾಟುವಾಗಲೆಲ್ಲ, "ನೋಡಿದೇನು?" ಎನ್ನುವಂತೆ ಹುಬ್ಬು ಹಾರಿಸಿದ. ಐದನೆಯ ಸುತ್ತಿಗೆ ಹುಬ್ಬು ನಿಂತಿತು. ಏಳನೆಯದಕ್ಕೆ ಬಾಯಿ ತೆರೆಯಿತು. ಎಂಟನೆಯದರಲ್ಲಿ ಮೊಬೈಲಿನಲ್ಲಿ ಏನೋ ತುರ್ತು ಖಬರ ಬಂದವನಂತೆ ನಿಂತು ಪರದೆ ನೋಡಿದ; ಪರದೆ ಕಪ್ಪಗಿತ್ತು. ಹತ್ತನೆಯದರಲ್ಲಿ ಕಾಲಿಗೆ ಹರಳು ಚುಚ್ಚಿತೆಂದು ಪಾದ ಎತ್ತಿ ಹುಡುಕಿದ. ಹನ್ನೆರಡಕ್ಕೆ ಅವನ ನಡಿಗೆ ಅಯ್ಯನವರು ಹೇಳಿದ ತುಂಬಿದ ಕೊಡದ ನಡಿಗೆಗೆ ಬಂದಿತ್ತು. ಹದಿನಾಲ್ಕನೆಯ ಸುತ್ತು ಮುಗಿಯುವಲ್ಲಿ ದೀಪದ ಕಂಬವನ್ನು ಎರಡೂ ಕೈಗಳಿಂದ ಅಪ್ಪಿಕೊಂಡು ನಿಂತ. ಮುಖ ಬಿಳಚಿಕೊಂಡಿತ್ತು.

ಬೀಜಗಳನ್ನು ಸೆರಗಿನಲ್ಲಿ ಕಟ್ಟಿ ವಾಣಿಶ್ರೀ ಓಡಿದಳು. ಅವನನ್ನು ಕಟ್ಟೆಗೆ ಕರೆತಂದು ಕೂರಿಸಿ, ನೀರು ಕುಡಿಸಿ, ನಾಡಿ ಹಿಡಿದು ಗಡಿಯಾರ ನೋಡಿದಳು. ಎದೆ ನೋಯುತ್ತದೆಯೇ, ತೋಳು ಜಗ್ಗುತ್ತದೆಯೇ ಎಂದು ಕೇಳಿದಳು. ಇಲ್ಲವೆಂದು ತಲೆಯಾಡಿಸಿದ. ಬರೀ ಏದುಸಿರು. ಐದು ನಿಮಿಷಕ್ಕೆ ಮುಖಕ್ಕೆ ಬಣ್ಣ ಬಂತು. ಆಮೇಲೆ ಅವಳಿಗೆ ಯೋಚಿಸಲು ಪುರುಸೊತ್ತಾಯಿತು.

"ಹದಿನಾಲ್ಕು ಸುತ್ತು ಅಂದ್ರ ಅರ್ಧಾ ಕಿಲೋಮೀಟರೂ ಆಗೂದಿಲ್ರಿ," ಎಂದಳು.

ಅವನು ಪ್ಯಾಂಟಿನ ಧೂಳು ಝಾಡಿಸಿದ.

"ಕೆರಿ ಸುತ್ತ ನಡದು ಎಷ್ಟು ದಿನಾ ಆತು?"

"ನಡಿತೀವಿ. ನಡಿಯಂಗಿಲ್ಲ ಅಂತಲ್ಲ."

"ಎಂದು ನಡದಿದ್ರಿ, ಅದನ್ನ ಹೇಳ್ರಿ."

ಸಿದ್ದಾರೂಢ ಗುಡಿಯ ಒಳಗೆ ಇಣುಕಿ, ಅಯ್ಯನವರು ದೂರವಿದ್ದಾರೆಂದು ಖಾತ್ರಿ ಮಾಡಿಕೊಂಡ. "ದೀಪಾವಳಿ ಮುಂದ ಒಂದ್ಸಲ. ದೇವೇಂದ್ರಪ್ಪಗ ಮಂಡಿ ನೋವು, ಅವರನ್ನ ಬಿಟ್ಟು ನಡಿಯೂದು ಚಂದ ಕಾಣ್ತೈತೇನು? ಚಾದಂಗಡ್ಯಾಗ ಕುಂತು ಮಾತಾಡತೀವಿ. ಆರೋಗ್ಯದ ಮ್ಯಾಲೆನ ಮಾತಾಡತೀವಿ, ಮತ್ತೇನಲ್ಲ."

"ಮತ್ತ ಮೊಬೈಲ್‌ನ್ಯಾಗ ದಿನಾ ಐದು ಕಿಲೋಮೀಟರ್?"

"ಸ್ಕೂಟರ್ ಮ್ಯಾಲ ಹೋಗಿ ಬರೂದು ಹಿಡದು."

ವಾಣಿಶ್ರೀಗೆ ನಗು ಬರಲಿಲ್ಲ. ನಾಲ್ಕು ವರ್ಷ. ನಾಲ್ಕು ವರ್ಷ ಪ್ರತಿ ಮುಂಜಾನೆ ಎರಡು ತಾಸು. ಅದರಲ್ಲಿ ಬರೀ ನಲವತ್ತು ನಿಮಿಷ ಅವಳು ಕೇಳಿದ್ದಳು, ಗ್ರೂಪ್ ಕಾಯುತ್ತದೆ ಎಂದಿದ್ದ. ಗ್ರೂಪ್ ಕಾಯುತ್ತಿದ್ದುದು ಗಿರ್ಮಿಟ್ಟಿಗೆ. ಆ ಎರಡು ತಾಸಿನಲ್ಲಿ ತಾನು ಬಡಿದ ರೊಟ್ಟಿಗಳ ಲೆಕ್ಕ ಹಾಕಲು ಹೋಗಿ, ಬೇಡವೆಂದು ಬಿಟ್ಟಳು.

"ವಾಣಿ," ಎಂದ ಅವನು, "ಯಾರ ಮುಂದೂ ಹೇಳಬ್ಯಾಡ. ಅವ್ವನ ಮುಂದಂತೂ ಬ್ಯಾಡಬ್ಯಾಡ. ಐತವಾರ ಚುನಾವಣಿ ಐತಿ."

ಅವಳು ಸೆರಗಿನ ಗಂಟು ಬಿಚ್ಚಿ ಬೀಜಗಳನ್ನು ಅವನ ಬೊಗಸೆಗೆ ಸುರಿದಳು. "ಹದಿನಾಲ್ಕು ಆಗ್ಯಾವು. ಇನ್ನ ತೊಂಬತ್ನಾಲ್ಕು. ಎಣಸ್ಕೋತ ಕುಂಡ್ರಿ," ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟಳು.

ಮೂವತ್ತೇಳು ನಿಮಿಷ ಅವನು ಕಟ್ಟೆಯ ಮೇಲೆ ಕೂತು ಒಂದೊಂದೇ ಬೀಜ ಸರಿಸಿದ. ನಲವತ್ತನೆಯ ಸುತ್ತಿನ ಸುಮಾರಿಗೆ ಅವಳು ದಾಟುವಾಗ, "ಆ ಫ್ರಿಜ್ ಮ್ಯಾಲಿನ ಚೀಟಿ, ಅದು ನಿಂದೇನು?" ಎಂದು ಕೇಳಿದ.

"ಹೌದ್ರಿ."

ಮುಂದಿನ ಸುತ್ತಿಗೆ ಮತ್ತೆ ಕೇಳಿದ. "ಎಷ್ಟಿತ್ತು?"

"ಆರು ಪಾಯಿಂಟ್ ಎಂಟು."

ಅದರ ಮುಂದಿನ ಸುತ್ತಿಗೆ, "ಅದು ಹೆಚ್ಚೇನು?" ಎಂದ. ಅವಳು ನಿಲ್ಲಲಿಲ್ಲ.

ಸಂಜೆ ಮನೆಗೆ ದೇವೇಂದ್ರಪ್ಪ ಇನ್ನಿಬ್ಬರನ್ನು ಕರೆದುಕೊಂಡು ಚುನಾವಣೆಯ ಮಾತಿಗೆ ಬಂದ. ವಾಣಿಶ್ರೀ ಚಹಾ ತಂದಳು. ಗದಿಗೆವ್ವ ಬಾಗಿಲ ಪಕ್ಕ ಕೂತಿದ್ದಳು.

"ಏನ್ ತಂಗೀ," ಎಂದ ದೇವೇಂದ್ರಪ್ಪ ಬಸಿಯಲ್ಲಿ ಚಹಾ ಸುರಿದುಕೊಳ್ಳುತ್ತ, "ಇವತ್ತು ನಮ್ಮ ಹುಲಿ ಗುಡಿ ಸುತ್ತಿತಂತಲ್ಲ? ಎಷ್ಟರಾಗ ಮುಗಿಸ್ತು? ಅರ್ಧಾ ತಾಸಿನ್ಯಾಗೇನು?"

"ನನ್ನ ಮಗಾ ನಡಿಗಿ ಒಳಗ ಹಿಂದಿಲ್ಲ," ಎಂದಳು ಗದಿಗೆವ್ವ.

ಸಿದ್ದಾರೂಢನ ಬಸಿ ತುಟಿಯ ಹತ್ತಿರ ನಿಂತಿತು. ಅವನು ಹೆಂಡತಿಯ ಕಡೆ ನೋಡಲಿಲ್ಲ. ಅವಳ ಕೈಯಲ್ಲಿದ್ದ ಟ್ರೇ ನೋಡುತ್ತಿದ್ದ. ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗದು ಎನಿಸಿತು ಅವಳಿಗೆ. ಹೇಳಿದರೆ ಈ ಮೂವರೂ ನಗುತ್ತಾರೆ, ಕುಡಿದ ಚಹಾ ಮೂಗಿಗೆ ಬರುವಷ್ಟು ನಗುತ್ತಾರೆ. ಅತ್ತೆ ಮಾತ್ರ ನಗುವುದಿಲ್ಲ.

"ನೂರಾ ಎಂಟೂ ಪೂರಾ ಆದ್ವುರೀ ಅಣ್ಣಾರ," ಎಂದಳು. "ಆರಕ್ಕ ಮೊದಲ ಮುಗದ್ವು."

ಒಂದಕ್ಷರವೂ ಸುಳ್ಳಲ್ಲ.

"ಅಬಾಬಾ!" ಎಂದ ದೇವೇಂದ್ರಪ್ಪ.

ಸಿದ್ದಾರೂಢ ಬಸಿ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡ. "ಆದ್ರ ನಾ ಒಂದು ವಿಚಾರ ಮಾಡೀನಿ. ಹರಕಿ ಆಕಿ ಹೊತ್ತದ್ದು. ಆಕಿನ ಮುಗಸ್ಬೇಕು. ನಡುವ ನಾವು ಕೈ ಹಾಕೂದು ಚಲೋ ಅಲ್ಲ."

"ಮತ್ತ ಅಯ್ನಾರು ಹಂಚ್ಕೋಬಹುದು ಅಂದಾರಲ್ಲೋ?" ಎಂದಳು ಗದಿಗೆವ್ವ.

"ಅಯ್ನಾರಿಗೇನು ಗೊತ್ತವ್ವಾ. ಇವತ್ತು ನಡದು ನೋಡಿದೆ, ನನಗ ತಿಳೀತು. ಅದು ಹೆಣ್ಣಮಕ್ಕಳ ಹರಕಿ. ನಲವತ್ತೆಂಟಕ್ಕ ಮುಗಿಲಿಲ್ಲ ಅಂದ್ರ ಮುಂದ ಇನ್ನೊಂದು ನಲವತ್ತೆಂಟು ಹೋಗಲಿ ಬಿಡು."

"ನನ್ನ ಮಂಡಿ?"

"ರೊಟ್ಟಿ ನಾ ಹೇಳಿ ತರಸ್ತೀನಿ ಬಿಡು, ಆ ಖಾನಾವಳಿಯಿಂದ," ಎಂದ ಸಿದ್ದಾರೂಢ ಅವಸರದಲ್ಲಿ. ಇದಕ್ಕಿಂತ ಹೆಚ್ಚು ಅವನಿಂದ ಆಗದೆಂದು ವಾಣಿಶ್ರೀಗೆ ಗೊತ್ತಿತ್ತು. ರೊಟ್ಟಿ ಬಡಿಯಲು ಅವನೂ ಕಲಿಯಬಹುದೆಂಬ ವಿಚಾರ ಆ ಕೋಣೆಯಲ್ಲಿ ಕೂತಿದ್ದ ನಾಲ್ಕು ಗಂಡಸರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಅವಳು ಖಾಲಿ ಬಸಿಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಮುಂಜಾನೆ ಐದಕ್ಕೆ ಅವಳು ಹೊರಟಾಗ ಸಿದ್ದಾರೂಢ ಬೂಟಿನ ದಾರ ಕಟ್ಟುತ್ತಿದ್ದ. ಅವನು ಸ್ಕೂಟರ್ ಏರಿ ಕೆರೆಯ ಕಡೆಗೆ ಹೋದ, ಆರೋಗ್ಯದ ಬಗ್ಗೆ ಮಾತಾಡಲು.

ಗುಡಿಯಲ್ಲಿ ರೋಜಾ ಅಂದೂ ಬೇಗನೆ ಬಂದಿದ್ದಳು. ಕಣ್ಣು ಹೊಳೆಯುತ್ತಿದ್ದವು. ಹತ್ತನೆಯ ಸುತ್ತಿಗೆ ಪಕ್ಕಕ್ಕೆ ಬಂದಳು.

"ಅಕ್ಕಾ, ನಿನ್ನಿ ಅಣ್ಣಾರು ಬಂದಿದ್ರಂತ? ಕಂಬಾ ಹಿಡಕೊಂಡು ನಿಂತಿದ್ರು ಅಂತ ನಮ್ಮತ್ತಿ ಮಾಳಿಗಿ ಮ್ಯಾಲಿಂದ ನೋಡಿದ್ಲಂತ. ಖರೇನ? ಏನಾತು, ಹೇಳ್ರಲ್ಲ."

ವಾಣಿಶ್ರೀಯ ನಾಲಿಗೆಯ ತುದಿಗೆ ಎಲ್ಲವೂ ಬಂತು. ಕಪ್ಪು ಪರದೆಯ ಮೊಬೈಲು, ಕಾಲಿಗೆ ಚುಚ್ಚದ ಹರಳು, ಸ್ಕೂಟರಿನ ಐದು ಕಿಲೋಮೀಟರು. ಇದನ್ನು ರೋಜಾಗೆ ಹೇಳಿದರೆ ಇಬ್ಬರೂ ಇಲ್ಲೇ ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದು ನಗಬಹುದು. ಇಷ್ಟು ಚೆಂದದ ಮಾತು ಅವಳ ಬಾಳಿನಲ್ಲಿ ಮತ್ತೆ ಸಿಗುವುದೂ ಇಲ್ಲ. ಆದರೆ ಬೆಳಗಾಗುವುದರೊಳಗೆ ಅದು ಓಣಿಗೆ ಗೊತ್ತಾಗುತ್ತದೆ, ಮಧ್ಯಾಹ್ನಕ್ಕೆ ಅಂಗಡಿಗೆ ಮುಟ್ಟುತ್ತದೆ. ಸಂಜೆಗೆ ಮಾನ ಹೋದ ಗಂಡ ಮನೆಯಲ್ಲಿ ಕೂತಿರುತ್ತಾನೆ. ಮಾನ ಹೋದ ಗಂಡಸು ಮೊದಲು ಮಾಡುವ ಕೆಲಸ ಹೆಂಡತಿಯನ್ನು ಹೊರಗೆ ಹೋಗದಂತೆ ನಿಲ್ಲಿಸುವುದು. ನಗು ಒಂದು ದಿನದ್ದು. ಅವಳಿಗೆ ಬೇಕಾಗಿದ್ದುದು ದಿನಾ ನಲವತ್ತೆರಡು ನಿಮಿಷ.

"ಬಿಸಿಲಿಗೆ ತಲಿ ತಿರಗಿರಬೇಕು," ಎಂದಳು ರೋಜಾ ಕೆಣಕುತ್ತ. ಸೂರ್ಯ ಇನ್ನೂ ಹುಟ್ಟಿರಲಿಲ್ಲ.

ಅತ್ತೆಗೆ ಇಲ್ಲ, ಮಗಳಿಗೆ ಇಲ್ಲ, ಹುಚ್ಚವ್ವನಿಗೆ ಇಲ್ಲ, ಟೈಮ್ ಹೇಗೆ 'ಮಾಡ್ಕೊಂಡ್ರಿ' ಎಂದು ನಾಳೆ ಡಾಕ್ಟರ್ ನಿಶಾತ ಕೇಳಿದರೂ ಇಲ್ಲ. ಈ ರೋಜಾಗಂತೂ ಇಲ್ಲವೇ ಇಲ್ಲ. ಯಾರಿಗೂ ಹೇಳುವುದಿಲ್ಲವೆಂದು ವಾಣಿಶ್ರೀ ಹನ್ನೊಂದನೆಯ ಸುತ್ತಿನ ಮೂಲೆ ತಿರುಗುವಾಗಲೇ ನಿರ್ಧರಿಸಿದಳು.

"ಮಾತಾಡಬ್ಯಾಡ ರೋಜಾ," ಎಂದಳು, "ಉಸಿರು ಹಿಡಿತೈತಿ. ಬಿರುಸ ನಡಿ."